ಹಸ್ಕಿಗೆ ಹೆಜ್ಜೆ ಲೆಕ್ಕ

ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿ ಹಸ್ಕಿ ನಾಯಿಯೊಂದು ವಾಸವಾಗಿದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಸಲು ಚುಕ್ಚಿ ಜನ ಸಾಕಿ ಬೆಳೆಸಿದ ತಳಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿ ಬಡಿದಾಗ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಔಷಧಿ ಹೊತ್ತು, ಸರದಿಯಲ್ಲಿ ಓಡಿದ ನಾಯಿಗಳಲ್ಲಿ ಇದರ ಕುಲದವೂ ಇದ್ದವು. ನಮ್ಮ ಹಸ್ಕಿಗೆ ಸಿಕ್ಕಿರುವುದು ಬಾಲ್ಕನಿಯಿಂದ ಬಚ್ಚಲವರೆಗಿನ ಹಾದಿ. ನಡುವೆ ಒಂದು ಸೋಫಾ ಇತ್ತು. ಅದನ್ನು ಹರಿದು ಹಾಕಿದೆ.

ಯಜಮಾನರು ತಜ್ಞರನ್ನು ಕರೆಸಿದರು. ‘ನಾಯಿಗೆ ಬೋರ್ ಆಗಿದೆ, ಆಕ್ಟಿವಿಟಿ ಸಾಲದು’ ಎಂದರು ತಜ್ಞರು. ತಪ್ಪೇನೂ ಹೇಳಲಿಲ್ಲ ಪಾಪ. ಇದೇ ಮಾತನ್ನು ಗೇಟಿನ ವಾಚ್‌ಮನ್ ‘ಸ್ವಲ್ಪ ಸುತ್ತಾಡಿಸಿ ಸಾರ್’ ಅಂತ ಮೂರು ತಿಂಗಳಿಂದ ಹೇಳುತ್ತಿದ್ದ. ಅವನು ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಯಾರಿಗೂ ಕೇಳಿಸಿರಲಿಲ್ಲ.

ಮನೆಗೆ ಪಾರ್ಸೆಲ್‌ಗಳು ಬಂದವು. ಮೂಸಿ ಮೂಸಿ ತಿಂಡಿ ಹುಡುಕಲು ಒಂದು ಮ್ಯಾಟ್. ಹಳೇ ಟವೆಲಿನಲ್ಲಿ ನಾಲ್ಕು ಚಪಾತಿ ಚೂರು ಸುತ್ತಿ ಕೊಟ್ಟರೂ ನಾಯಿ ಅಷ್ಟೇ ಖುಷಿಯಾಗಿ ಹುಡುಕುತ್ತದೆ. ಆದರೆ ಹಳೇ ಟವೆಲಿನ ಫೋಟೊ ಇನ್‌ಸ್ಟಾಗ್ರಾಮಿಗೆ ಹಾಕೋಕೆ ಆಗಲ್ಲ, ಅಲ್ವಾ? ಆಮೇಲೆ ನೆಕ್ಕುವುದಕ್ಕೇ ಒಂದು ಮ್ಯಾಟ್. ನೆಕ್ಕಿದರೆ ನಾಯಿಯ ಮನಸ್ಸು ಶಾಂತವಾಗುತ್ತಂತೆ. ಊಟದ ಎಲೆ ನೆಕ್ಕಿ ಅಜ್ಜಿಯ ಹತ್ತಿರ ಬೈಸಿಕೊಂಡವರು ನಾವು. ಅದು ಮನಶ್ಶಾಂತಿಯ ಸಾಧನೆ ಅಂತ ಆಗ ವಾದಿಸುವ ಬುದ್ಧಿ ಇರಲಿಲ್ಲ.

ಒಂಬತ್ತನೇ ಮಹಡಿಯವರು ಸ್ವದೇಶಿ ಅಭಿಮಾನಿಗಳು. ಮುಧೋಳ ನಾಯಿ ತಂದಿದ್ದಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯನ್ನು ಅಂಚೆಚೀಟಿಯ ಮೇಲೆ ತಂದಿತ್ತು. ಓಡಾಡಲು ಈಗ ಅದಕ್ಕೆ ಸಿಕ್ಕಿರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬಯಲಲ್ಲಿ ಮೊಲ ಕಂಡರೆ ಬಾಣದ ಹಾಗೆ ಬೆನ್ನಟ್ಟುವ ನಾಯಿ ಅದು. ಮೊಲ ಎಲ್ಲಿಂದ ತರುವುದು? ಗೋಡೆಯ ಮೇಲೆ ಲೇಸರ್ ಚುಕ್ಕೆ ಬಿಡುತ್ತಾರೆ. ಬೆಳಕಿನ ಚುಕ್ಕೆ ಯಾವತ್ತೂ ಬಾಯಿಗೆ ಸಿಗುವುದಿಲ್ಲ. ಆಟ ಮುಗಿದ ಮೇಲೂ ನಾಯಿ ನೆರಳು ಕಂಡಲ್ಲೆಲ್ಲ ಎಗರುತ್ತಿದೆ. ‘ಎಷ್ಟು ಆಕ್ಟಿವ್ ನೋಡಿ!’ ಎನ್ನುತ್ತಾರೆ ಮನೆಯವರು.

ಹಸ್ಕಿಯ ವಿಷಯಕ್ಕೆ ಬರೋಣ. ಅದನ್ನು ಸುತ್ತಾಡಿಸಲು ಒಬ್ಬ ಹುಡುಗನನ್ನು ಇಟ್ಟಿದ್ದಾರೆ. ನಾಯಿಯ ಕೊರಳಿಗೆ ಹೆಜ್ಜೆ ಎಣಿಸುವ ಪಟ್ಟಿ. ಬೆಳಿಗ್ಗೆ ಆರೂವರೆಗೆ ಹುಡುಗ ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಾನೆ. ನಾಯಿ ಪಕ್ಕದ ಸ್ಕೂಟರಿಗೆ ಕಟ್ಟಿಸಿಕೊಂಡು ನಾಲಿಗೆ ಚಾಚಿ ಮಲಗಿರುತ್ತದೆ. ಪಟ್ಟಿ ಮಾತ್ರ ಮಕ್ಕಳ ಜೋಕಾಲಿಗೆ ನೇತುಬಿದ್ದು ಹಿಂದೆ ಮುಂದೆ ತೂಗುತ್ತಿರುತ್ತದೆ. ಅದೇ ಹೊತ್ತಿಗೆ ಕ್ಲಬ್‌ಹೌಸಿನ ಎಸಿ ಜಿಮ್‌ನಲ್ಲಿ ಯಜಮಾನರು ಟ್ರೆಡ್‌ಮಿಲ್ ಮೇಲೆ ಬೆವರು ಸುರಿಸುತ್ತಾ ಆ್ಯಪ್ ನೋಡುತ್ತಾರೆ. ನಾಯಿಯದು ಎಂಟು ಸಾವಿರ ಹೆಜ್ಜೆ! ತಮ್ಮದು ಆರೇ ಸಾವಿರ. ನಾಯಿಗೆ ಸೋಲಬಾರದೆಂದು ಸ್ಪೀಡ್ ಜಾಸ್ತಿ ಮಾಡುತ್ತಾರೆ.

ಇಬ್ಬರೂ ಕೆಳಗಿನ ಹುಲ್ಲುಹಾಸಿನ ಮೇಲೆ ಒಟ್ಟಿಗೆ ಓಡಬಹುದಿತ್ತು. ಆದರೆ ಹುಲ್ಲುಹಾಸು ಇರುವುದು ನೋಡುವುದಕ್ಕೆ. ಅಲ್ಲಿ ಮಕ್ಕಳು ಚೆಂಡಾಡಬಾರದು, ನಾಯಿ ಕಾಲಿಡಬಾರದು. ಚೆಂಡು ಎಸೆಯಲು ಕಾದಿರುವ ಮಕ್ಕಳು, ಚೆಂಡು ತರಲು ಕಾದಿರುವ ನಾಯಿಗಳು ಒಂದೇ ಬೋರ್ಡಿನ ಮುಂದೆ ನಿಂತು ವಾಪಸ್ ಹೋಗುತ್ತಾರೆ.

ಇದು ನ್ಯಾಯವೇ ಅಂತ ಯಾರೋ ಸಭೆಯಲ್ಲಿ ಎದ್ದರು. ಲಿಫ್ಟ್‌ನಲ್ಲಿ ನಾಯಿ ಬೇಡ ಎನ್ನುವಂತಿಲ್ಲ, ಪಾರ್ಕಿಗೆ ಪೂರ್ತಿ ತಡೆಯುವಂತಿಲ್ಲ, ಬೇಕಾದರೆ ಸಮಯ ನಿಗದಿ ಮಾಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ ಎಂದು ಓದಿ ತೋರಿಸಿದರು. ಕಾರ್ಯದರ್ಶಿಗಳು ಕೊನೇ ಮಾತನ್ನು ಮಾತ್ರ ಕೇಳಿಸಿಕೊಂಡು ಸಮಯ ನಿಗದಿ ಮಾಡಿದರು. ಮಧ್ಯಾಹ್ನ ಒಂದರಿಂದ ಒಂದೂವರೆ.

ಜೊತೆಗೆ ಪಾರ್ಕಿಂಗ್ ಹಿಂದಿನ ಮೂಲೆಯಲ್ಲಿ ‘ನಾಯಿ ಕ್ರೀಡಾಂಗಣ’ವೂ ಆಯಿತು. ಪ್ಲಾಸ್ಟಿಕ್ ಹುಲ್ಲು, ಹಾರಲು ಮೂರು ಅಡ್ಡಪಟ್ಟಿ, ನುಗ್ಗಲು ಒಂದು ಸುರಂಗ. ಬಾಗಿಲಲ್ಲೇ ಸೂಚನೆ: ಓಡಬಾರದು, ಬೊಗಳಬಾರದು, ನೆಲ ಕೆರೆಯಬಾರದು. ಏಪ್ರಿಲ್ ಬಿಸಿಲಿಗೆ ಆ ಹುಲ್ಲಿನ ಮೇಲೆ ದೋಸೆ ಹುಯ್ಯಬಹುದು.

ಮುಂದಿನ ಸಭೆಯ ಅಜೆಂಡಾ ನೋಟಿಸ್ ಬೋರ್ಡಿನಲ್ಲಿದೆ: ಕ್ಲಬ್‌ಹೌಸ್ ಜಿಮ್‌ಗೆ ನಾಯಿ ಟ್ರೆಡ್‌ಮಿಲ್ ಖರೀದಿ. ಸೂಚಿಸಿದವರು ಹಸ್ಕಿಯ ಯಜಮಾನರು. ತಮ್ಮ ಮೆಷಿನ್ ಪಕ್ಕದಲ್ಲೇ ಹಾಕಿಸಬೇಕಂತೆ. ಜೊತೆಯಲ್ಲಿ ವಾಕಿಂಗ್ ಹೋದ ಹಾಗಾಗುತ್ತೆ ಅಂತ.