ಸ್ವಲ್ಪ ಬಿಸಿಲಿಗೆ ಹಿಡಿದು ನೋಡೋಣ

ನಮ್ಮ ಅಂಗಡಿಯ ಸೀರೆ ವಿಭಾಗ ಇರುವುದು ಎರಡನೇ ಮಹಡಿಯಲ್ಲಿ. ಈ ಏರ್ಪಾಡು ಮಾಡಿದವರು ಯಾರೋ, ಮೈಸೂರಿನ ಹೆಂಗಸರನ್ನು ಒಂದು ಮಾತು ಕೇಳಿ ಮಾಡಿದ್ದಲ್ಲ ಎನ್ನುವುದಂತೂ ಖಚಿತ. ಇಲ್ಲಿ ಒಂದು ರೇಷ್ಮೆ ಸೀರೆ ಮಾರಾಟವಾಗಬೇಕಾದರೆ ಅದು ಮೊದಲು ಮೆಟ್ಟಿಲಿಳಿದು, ಬಾಗಿಲ ತನಕ ಹೋಗಿ, ದೇವರಾಜ ಅರಸು ರಸ್ತೆಯ ಬಿಸಿಲು ಕಂಡು, ಮತ್ತೆ ಮೇಲೆ ಹತ್ತಿ ಬರಬೇಕು.

“ಸ್ವಲ್ಪ ಬಿಸಿಲಿಗೆ ಹಿಡಿದು ನೋಡ್ಬೋದಾ ಸಾರ್?” ಎಂದು ಕೇಳುವಾಗ ದನಿಯಲ್ಲಿ ಒಂದಿಷ್ಟು ಸಂಕೋಚ ಇರುತ್ತದೆ. ನಿಮ್ಮ ಮೇಲೆ ಅನುಮಾನ ಅಂತಲ್ಲ, ನಿಮ್ಮ ಲೈಟಿನ ಮೇಲೆ ಅಷ್ಟೇ ಎಂಬಂತೆ. ಬೇಡ ಎನ್ನಲು ನಾನು ಯಾರು? ಮೆರವಣಿಗೆ ಹೊರಡುತ್ತದೆ. ಮುಂದೆ ಮದುಮಗಳ ತಾಯಿ, ಪಕ್ಕದಲ್ಲಿ ಸೋದರತ್ತೆ, ಹಿಂದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡ ನಮ್ಮ ಹುಡುಗ, ಎಲ್ಲರಿಗಿಂತ ಹಿಂದೆ ಮೊಬೈಲ್ ನೋಡಿಕೊಂಡು ಮದುಮಗಳು. ಬಾಗಿಲ ಬಳಿ ಬಂದೊಡನೆ ಸೀರೆಗೆ ಸಿಕ್ಕಿಸಿದ ಟ್ಯಾಗನ್ನು ಗುರುತಿಸಿ ಅಲ್ಲಿನ ಯಂತ್ರ ಕುಂಯ್ ಎಂದು ಕಿರುಚಿಕೊಳ್ಳುತ್ತದೆ. ಹೊಸಬರು ಬೆಚ್ಚುತ್ತಾರೆ. ಸೆಕ್ಯೂರಿಟಿಯವರು ಮಾತ್ರ ಕೂತಲ್ಲಿಂದಲೇ “ಬಿಸಿಲಿಗಾ? ಹೋಗಿ ಹೋಗಿ” ಎಂದು ಕೈ ಬೀಸುತ್ತಾರೆ. ಕಳ್ಳರನ್ನು ಹಿಡಿಯಲೆಂದು ಹಾಕಿಸಿದ ಆ ಯಂತ್ರ ನಮ್ಮಲ್ಲಿ ಹೆಚ್ಚಾಗಿ ಕೂಗುವುದು ಸೂರ್ಯನನ್ನು ನೋಡಲು ಹೊರಟವರನ್ನು ಕಂಡು.

ಸಂಜೆ ಆರು ದಾಟಿತೋ ಕಥೆ ಬೇರೆ. “ಎತ್ತಿಟ್ಟಿರಿ, ನಾಳೆ ಬೆಳಗ್ಗೆ ಬಂದು ನೋಡ್ತೀವಿ” ಎಂದು ಹೊರಡುತ್ತಾರೆ. ಹೀಗೆ ಎತ್ತಿಟ್ಟ ಸೀರೆಗಳಿಗೆಂದೇ ಗಲ್ಲಾದ ಹಿಂದೆ ಒಂದು ಕಪಾಟು ಇದೆ. ಅದರಲ್ಲಿರುವ ಸೀರೆಗಳೆಲ್ಲ ಬೆಳಗಾಗುವುದನ್ನೇ ಕಾಯುತ್ತಿರುತ್ತವೆ; ಕೆಲವಕ್ಕೆ ಬೆಳಗಾಗುವುದೇ ಇಲ್ಲ.

ಮಾಲೀಕರಿಗೆ ಇದನ್ನು ಕಂಡರೆ ಸಿಟ್ಟು. ಹಗಲಿನಂಥ ಬೆಳಕು ಕೊಡುತ್ತದೆ ಎಂದು ಹೇಳಿ ಮಾರಿದ ದುಬಾರಿ ಎಲ್‌ಇಡಿಗಳನ್ನೇ ಹಾಕಿಸಿದ್ದಾರಂತೆ. ಇರಬಹುದು. ಆದರೆ ನ್ಯಾಯವಾಗಿ ನೋಡಿದರೆ ನಾನು ಗಿರಾಕಿಗಳ ಕಡೆಗೇ. ಬಣ್ಣ ಎಂಬುದು ಬಟ್ಟೆಯೊಳಗೆ ಕೂತ ಆಸ್ತಿಯಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಬಟ್ಟೆ ಎಷ್ಟನ್ನು ತಾನಿಟ್ಟುಕೊಂಡು ಎಷ್ಟನ್ನು ಹಿಂದಕ್ಕೆ ಕೊಡುತ್ತದೋ ಅದೇ ಬಣ್ಣ. ಕೊಡುವ ಬೆಳಕು ಬದಲಾದರೆ ಲೆಕ್ಕವೂ ಬದಲು. ರೇಷ್ಮೆ ಸೀರೆಗೆ ಹಾಕಿದ ಡೈ ಬೇರೆ, ಪಕ್ಕದ ಮ್ಯಾಚಿಂಗ್ ಸೆಂಟರಿನ ಹತ್ತಿ ಬ್ಲೌಸ್ ಪೀಸಿನ ಡೈ ಬೇರೆ. ಅಂಗಡಿಯ ದೀಪದಡಿ ಅವೆರಡೂ ಒಂದೇ ತಾಯಿಯ ಮಕ್ಕಳಂತಿದ್ದು, ಬೀದಿಗೆ ಬಂದೊಡನೆ ಪರಿಚಯವೇ ಇಲ್ಲದಂತೆ ಆಡುತ್ತವೆ. ಬಣ್ಣದ ಶಾಸ್ತ್ರದವರು ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಗಾರ್ಮೆಂಟ್ ಉದ್ಯಮದಲ್ಲಿ ಇದನ್ನು ಹಿಡಿಯಲೆಂದೇ ಲೈಟ್ ಬಾಕ್ಸ್ ಎಂಬ ಪೆಟ್ಟಿಗೆ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಡಿ65 ಎಂಬ ಹಗಲ ಬೆಳಕು ಒಂದು, ಟಿಎಲ್84 ಎಂಬ ಅಂಗಡಿ ಬೆಳಕು ಒಂದು, ಹಳೇ ಬಲ್ಬಿನ ಹಳದಿ ಬೆಳಕು ಇನ್ನೊಂದು. ಗುಂಡಿ ಒತ್ತಿ ಒಂದಾದ ಮೇಲೊಂದರಲ್ಲಿ ಬಟ್ಟೆಯ ತುಂಡನ್ನು ನೋಡುತ್ತಾರೆ. ನಮ್ಮ ಸೋದರತ್ತೆಯರು ಅದೇ ಪರೀಕ್ಷೆಯನ್ನು ಪೆಟ್ಟಿಗೆಯಿಲ್ಲದೆ, ಫುಟ್‌ಪಾತಿನಲ್ಲಿ ನಿಂತು ಮಾಡುತ್ತಾರೆ. ಡಬಲ್ ಶೇಡ್ ಸೀರೆಯಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಹಾಸು ಅಂದರೆ ಉದ್ದದ ಎಳೆ ಒಂದು ಬಣ್ಣ, ಹೊಕ್ಕು ಅಂದರೆ ಅಡ್ಡ ಎಳೆ ಒಂದು ಬಣ್ಣವಾದ್ದರಿಂದ ಅದು ಮಗ್ಗುಲು ಬದಲಿಸಿದಾಗಲೆಲ್ಲ ಬೇರೆಯಾಗಿ ಕಾಣುತ್ತದೆ. ಅದಕ್ಕೇ ಸೆರಗನ್ನು ಹಿಡಿದು ಹೀಗೊಮ್ಮೆ ಹಾಗೊಮ್ಮೆ ಓಲಾಡಿಸಿ, ದಾರಿಹೋಕರಿಗೂ ತೋರಿಸಿ ತೀರ್ಮಾನ ಮಾಡುತ್ತಾರೆ. 1912ರಿಂದ ರೇಷ್ಮೆ ಕಾರ್ಖಾನೆ ಇರುವ ಊರು ಇದು. ಇಲ್ಲಿನವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ನನಗೆ ನಗು ಬರುವುದು ಪರೀಕ್ಷೆಗಲ್ಲ. ಅಷ್ಟು ಕಷ್ಟಪಟ್ಟು ಬಿಸಿಲಿಗೆ ಹಿಡಿದು ಕೊಂಡ ಆ ಸೀರೆ ಮುಂದೆ ಬಿಸಿಲನ್ನು ಕಾಣುವುದೇ ಇಲ್ಲವಲ್ಲ, ಅದಕ್ಕೆ. ಮುಹೂರ್ತ ಕಲ್ಯಾಣ ಮಂಟಪದ ಒಳಗೆ. ರಿಸೆಪ್ಷನ್ ರಾತ್ರಿ ಏಳರ ಮೇಲೆ, ಹಿಂದೆ ನೇರಳೆ ಬಣ್ಣದ ದೀಪ, ಮುಂದೆ ವಿಡಿಯೊದವರ ಫೋಕಸ್ ಲೈಟು. ಮದುವೆ ಮುಗಿದ ಮೇಲೆ ಬೀರುವಿನ ಕತ್ತಲು. ವರ್ಷಕ್ಕೊಮ್ಮೆ ಹೊರಗೆ ತೆಗೆದು ಮಡಿಕೆ ಬದಲಿಸುವಾಗಲೂ “ಬಿಸಿಲಿಗೆ ಹಾಕ್ಬೇಡ, ನೆರಳಲ್ಲಿ ಆರಲಿ” ಎನ್ನುವವರು ಅಂದು ಅದನ್ನು ರಸ್ತೆಗೆ ಹೊತ್ತೊಯ್ದ ಅದೇ ತಾಯಿ. ದಸರೆಯಲ್ಲಿ ಉಟ್ಟುಕೊಂಡು ದೀಪಾಲಂಕಾರ ನೋಡಲು ಹೋದರಂತೂ ಮುಗಿಯಿತು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಅದರೆದುರು ನಿಂತ ಎಲ್ಲ ಸೀರೆಗೂ ಒಂದು ಹಳದಿ ಛಾಯೆ ಬರುತ್ತದೆ, ಮೂರು ಸಾವಿರದ್ದಕ್ಕೂ ಮೂವತ್ತು ಸಾವಿರದ್ದಕ್ಕೂ.

ಗಂಡಸರ ವಿಭಾಗ ಕೆಳಗಡೆ, ಬಾಗಿಲಿಗೆ ಹತ್ತಿರ. ಆದರೂ ಅವರು ಬಾಗಿಲ ತನಕ ಹೋಗುವುದಿಲ್ಲ. ಹೋದರೆ ಬಿಲ್ಲು ಕಟ್ಟಿಯೇ ಹೋಗುವುದು. ಇದು ಉಲ್ಟಾ ಆಗಬೇಕಿತ್ತು. ಕಪ್ಪು, ಬಿಳಿಗಳನ್ನಂತೂ ಬಿಸಿಲಿನಲ್ಲಿ ನೋಡಲೇಬೇಕು, ಅವನ್ನು ಹೆಚ್ಚಾಗಿ ಕೊಳ್ಳುವವರು ಗಂಡಸರು. ಕಪ್ಪು ಎಂದರೆ ಕಪ್ಪೇ ಎಂದುಕೊಂಡು ಒಂದು ಪ್ಯಾಂಟು, ಒಂದು ಶರ್ಟು ತೆಗೆದುಕೊಳ್ಳುತ್ತಾರೆ. ಬಸ್ ಸ್ಟಾಪಿನಲ್ಲಿ ನಿಂತಾಗ ಒಂದು ಕೆಂಪಗೆ, ಇನ್ನೊಂದು ಹಸಿರಗೆ ತಿರುಗಿರುತ್ತದೆ. ಬಿಳಿಯದು ಇನ್ನೊಂದು ಚಮತ್ಕಾರ. ಹಿಂದೆ ಮನೆಯಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುತ್ತಿದ್ದರಲ್ಲ, ಈಗ ಗಿರಣಿಯಲ್ಲೇ ಬಟ್ಟೆಗೆ ಹೊಳಪಿನ ರಾಸಾಯನಿಕ ಹಾಕಿ ಕಳಿಸುತ್ತಾರೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಅದು ಹೀರಿ ತಿಳಿನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ನಮ್ಮ ಎಲ್‌ಇಡಿಗಳಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಂಗಡಿಯೊಳಗೆ ಸಪ್ಪಗಿದ್ದ ಬಿಳಿ ಶರ್ಟು ಹೊರಗೆ ಹೋದೊಡನೆ ಚುನಾವಣೆಗೆ ನಿಂತವರ ಹಾಗೆ ಮಿಂಚತೊಡಗುತ್ತದೆ. ಇದೊಂದು ಸರಕಿನಲ್ಲಿ ಮಾತ್ರ ಬಿಸಿಲು ನಮ್ಮ ಪರ.

ಇಷ್ಟೆಲ್ಲ ಜಾಣತನ ತೋರಿಸುವವರೇ ಮೊಬೈಲಿನ ಮುಂದೆ ಹೇಗೆ ಮಕ್ಕಳಾಗುತ್ತಾರೆ ಎಂಬುದು ನನಗೆ ಬಗೆಹರಿಯದ ವಿಷಯ. ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ. ರಾತ್ರಿ ಧಾರಾವಾಹಿಯ ಸೊಸೆ ಉಟ್ಟದ್ದು, ಇಲ್ಲವೇ ರೀಲ್ಸ್‌ನಲ್ಲಿ ಯಾರೋ ನೆರಿಗೆ ಹಿಡಿಯುವುದನ್ನು ಕಲಿಸುತ್ತಾ ಉಟ್ಟದ್ದು. “ಇದೇ ಬಣ್ಣ ಬೇಕು.” ಯಾವ ಬಣ್ಣ ತಾಯಿ? ಧಾರಾವಾಹಿಯವರು ಹಾಕಿದ ಲೈಟಿನದ್ದು ಒಂದು ಬಣ್ಣ, ಎಡಿಟಿಂಗ್ ಮಾಡುವವರು ಏರಿಸಿದ್ದು ಒಂದು, ನಿಮ್ಮ ಮೊಬೈಲಿನ ಬ್ರೈಟ್‌ನೆಸ್ ಸೇರಿಸಿದ್ದು ಒಂದು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಬಂದದ್ದು 1964ರಲ್ಲಿ, ದೂರದರ್ಶನಕ್ಕೆ ಬಣ್ಣ ಬಂದದ್ದು 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ. ಅದಕ್ಕೂ ಮುಂಚಿನ ಬಟ್ಟೆ ಅಂಗಡಿಯವರು ಎಂಥ ಪುಣ್ಯವಂತರು! ನಾಯಕಿ ಏನೇ ಉಡಲಿ, ಅದು ಬೂದಿ ಬಣ್ಣವೇ. ಅಂಚು ಹೀಗಿತ್ತು, ಸೆರಗು ಹಾಗಿತ್ತು ಎಂದು ಕೇಳಬಹುದಿತ್ತೇ ಹೊರತು ಬಣ್ಣಕ್ಕಾಗಿ ಯಾರೂ ಹಟ ಹಿಡಿಯುವಂತಿರಲಿಲ್ಲ.

2015ರ ಫೆಬ್ರವರಿಯಲ್ಲಿ ಒಂದು ಫ್ರಾಕಿನ ಫೋಟೊ ಇಡೀ ಜಗತ್ತನ್ನು ಜಗಳಕ್ಕೆ ಹಚ್ಚಿದ್ದು ನೆನಪಿರಬಹುದು. ಅರ್ಧ ಜನಕ್ಕೆ ಅದು ನೀಲಿ-ಕಪ್ಪು, ಅರ್ಧ ಜನಕ್ಕೆ ಬಿಳಿ-ಬಂಗಾರ. ಆಗ ನಮ್ಮ ಕೌಂಟರಿನಲ್ಲೂ ಎರಡು ಪಕ್ಷವಾಗಿತ್ತು. ಅಸಲಿ ಬಟ್ಟೆ ನೀಲಿ-ಕಪ್ಪು. ಫೋಟೊದಲ್ಲಿ ಬೆಳಕು ಎಲ್ಲಿಂದ ಬಿದ್ದಿದೆ ಎಂದು ತಿಳಿಯುವಂತಿರಲಿಲ್ಲ. ನೆರಳಿನಲ್ಲಿದೆ ಎಂದು ಊಹಿಸಿದ ಮಿದುಳು ನೀಲಿಯನ್ನು ಕಳೆದು ಬಿಳಿ ಎಂದಿತು, ಹಳದಿ ದೀಪದಡಿ ಇದೆ ಎಂದುಕೊಂಡದ್ದು ನೀಲಿ ಎಂದಿತು. ವಿಜ್ಞಾನಿಗಳು ಇದರ ಮೇಲೆ ಪ್ರಬಂಧಗಳನ್ನೇ ಬರೆದರು. ನನಗೆ ಮಾತ್ರ ಹಿಡಿಸಿದ್ದು ಆ ಫೋಟೊದ ಹುಟ್ಟು. ಮಗಳ ಮದುವೆಗೆ ತಾನು ಉಡಲಿಕ್ಕೆ ಬಟ್ಟೆ ನೋಡಲು ಹೋದ ತಾಯಿಯೊಬ್ಬಳು ಅಂಗಡಿಯಲ್ಲೇ ಮೊಬೈಲಿನಲ್ಲಿ ಕ್ಲಿಕ್ಕಿಸಿ “ಹೇಗಿದೆ ನೋಡು” ಎಂದು ಮಗಳಿಗೆ ಕಳಿಸಿದ್ದು ಅದು. ಬ್ರಿಟನ್ನಿನಲ್ಲೂ ಇದೇ ಪಾಡು! ಅಲ್ಲಿ ಬಿಸಿಲೂ ಕಡಿಮೆ, ಪಾಪ. ನಮ್ಮಲ್ಲಿ ದಿನಬೆಳಗಾದರೆ ನಡೆಯುವುದು ಇದೇ. ನ್ಯೂಜೆರ್ಸಿಯಲ್ಲಿರುವ ಮಗಳಿಗೆ ವಿಡಿಯೊ ಕಾಲ್. ಅಲ್ಲಿ ನಡುರಾತ್ರಿ. ಅವಳು ಕಣ್ಣುಜ್ಜಿಕೊಂಡು “ಅಮ್ಮಾ, ಇದು ಗ್ರೀನಾ ಬ್ಲೂನಾ?” ಎನ್ನುತ್ತಾಳೆ. ಸೀರೆ ಎದುರಿಗೇ ಇದ್ದರೂ ತಾಯಿ ನನ್ನ ಕಡೆ ತಿರುಗಿ “ಗ್ರೀನಾ ಬ್ಲೂನಾ?” ಎನ್ನುತ್ತಾರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳಿದಾಗ ಆ ಪರರು ಹದಿಮೂರು ಸಾವಿರ ಕಿಲೋಮೀಟರ್ ಆಚೆ ಮಂಚದ ಮೇಲೆ ಇರುತ್ತಾರೆಂದು ಅವರಿಗೇನು ಗೊತ್ತು.

ನನ್ನ ಕಷ್ಟಕಾಲವೆಂದರೆ ಆಷಾಢ. ಮದುವೆ ಇಲ್ಲದ ತಿಂಗಳಾದ್ದರಿಂದ ಅಂಗಡಿಗಳೆಲ್ಲ ರಿಯಾಯಿತಿ ಬೋರ್ಡು ಹಾಕುತ್ತವೆ. ಮುಂದೆ ಬರುವ ವರಮಹಾಲಕ್ಷ್ಮಿಗೆ, ಶ್ರಾವಣದ ಮದುವೆಗಳಿಗೆ ಜನ ಆಗಲೇ ಕೊಂಡಿಡುತ್ತಾರೆ. ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದವರು ಕುಂಕುಮ ಅಳಿಸದೆ ಹಾಗೇ ಅಂಗಡಿಗೆ ನುಗ್ಗುತ್ತಾರೆ. ಗಿರಾಕಿ ಇದ್ದಾರೆ, ಸರಕು ಇದೆ, ರಿಯಾಯಿತಿ ಇದೆ, ಬಿಸಿಲು ಮಾತ್ರ ಇಲ್ಲ. ಮೋಡ ಕವಿದು ಜಿನುಗುತ್ತಿರುತ್ತದೆ. ಬಾಗಿಲಲ್ಲಿ ಸೀರೆ ಹಿಡಿದುಕೊಂಡು ಆಕಾಶ ನೋಡುತ್ತಾ ನಿಂತವರಿಗೆ “ಮೋಡದ ಬೆಳಕೇ ಬಣ್ಣ ನೋಡೋಕೆ ಒಳ್ಳೇದು ಅಮ್ಮಾ, ಕಣ್ಣು ಕೋರೈಸಲ್ಲ” ಎಂದು ನಾನು ಹೇಳುವುದು ವ್ಯಾಪಾರದ ಮಾತಲ್ಲ, ನಿಜ. ಅವರು ನಂಬುವುದಿಲ್ಲ. ಮೊಬೈಲಿನ ಟಾರ್ಚ್ ಹಾಕುತ್ತಾರೆ.

ಅಂಗಡಿಯವನ ಕಣ್ಣಲ್ಲಿ ಬಿಸಿಲಿನಂಥ ವೈರಿ ಇನ್ನೊಬ್ಬನಿಲ್ಲ ಎನ್ನುವುದು ಅವರಿಗೆ ತಿಳಿಯದ ಗುಟ್ಟು. ರಸ್ತೆಗೆ ಮುಖ ಮಾಡಿದ ಗಾಜಿನ ಹಿಂದೆ ಬೊಂಬೆಗೆ ಉಡಿಸಿದ ಸೀರೆ ಹಾಗೇ ಇದ್ದರೆ ಬಿಸಿಲು ತಾಗಿದ ಕಡೆ ಮಾಸಿಬಿಡುತ್ತದೆ. ಗುಲಾಬಿ, ನೇರಳೆಗಳಂತೂ ಬೇಗ ಕೈಕೊಡುತ್ತವೆ. ಅದಕ್ಕೇ ಬೊಂಬೆಯ ಸೀರೆಯನ್ನು ಆಗಾಗ ಬದಲಿಸಬೇಕು. ಹಬ್ಬದ ಗಲಾಟೆಯಲ್ಲಿ ಒಮ್ಮೊಮ್ಮೆ ಅದು ಉಳಿದುಹೋಗುವುದೂ ಉಂಟು, ಆಗಲೇ ಯಾರಾದರೂ ಹೊರಗಿನಿಂದ ಅದನ್ನೇ ನೋಡಿಕೊಂಡು ಒಳಗೆ ಬರುವುದೂ ಉಂಟು.

“ಬೊಂಬೆ ಉಟ್ಟಿರೋದು ಕೊಡಿ.”

ಹುಡುಗ ಮೇಲಿನಿಂದ ಅದೇ ನಂಬರಿನ ಹೊಸ ಸೀರೆ ತಂದು ಬಿಡಿಸುತ್ತಾನೆ. ಅವರು ಅದನ್ನು ಎತ್ತಿಕೊಂಡು ಬಾಗಿಲಿಗೆ ಹೋಗುತ್ತಾರೆ. ಕುಂಯ್. ತಿರುಗಿ ಬಂದು ಮುಖ ಸಿಂಡರಿಸುತ್ತಾರೆ.

“ಅಯ್ಯೋ, ಇದು ತೀರಾ ಗಾಢ ಆಯ್ತು. ಆ ಬಣ್ಣ ಅಲ್ಲ.”

“ಅದೇ ಸೀರೆ ಅಕ್ಕಾ, ಒಂದೇ ಲಾಟು. ಅದು ಬಿಸಿಲಿಗೆ ಸ್ವಲ್ಪ...”

“ಬಿಸಿಲಲ್ಲೇ ನೋಡಿದ್ದಲ್ವಾ ನಾನೂ? ನನಗೆ ಬೊಂಬೆದೇ ಕೊಡಿ. ಉಟ್ಟಿರೋ ಪೀಸು ಬೇರೆ, ರೇಟು ನೋಡಿ ಹಾಕಿ.”