ಐಬ್ರೋ ಮಾಡುವ ದಾರಕ್ಕೂ ಸರ್ಕಾರದ ಲೈಸೆನ್ಸೇ?

ಚರ್ಚೆಯ ವಿಷಯ: ಅಮೆರಿಕದ ರಾಜ್ಯಗಳು ಕಸುಬುಗಳ ಮೇಲೆ ಹೇರಿರುವ ಲೈಸೆನ್ಸ್ ಕಾನೂನುಗಳನ್ನು ಕಿತ್ತುಹಾಕಬೇಕೆ?

ಪರ: ದುಡಿಯಲು ಯಾರ ಅಪ್ಪಣೆ?

ಐಬ್ರೋ ಮಾಡಿಸಿಕೊಳ್ಳುವುದು ಹೇಗೆಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಹುಬ್ಬಿಗೆ ಸ್ವಲ್ಪ ಪೌಡರು, ಹತ್ತಿಯ ದಾರ, 'ಚರ್ಮ ಎಳೆದು ಹಿಡ್ಕೊಳ್ಳಿ ಮೇಡಂ' ಎಂಬ ಮಾತು, ಐದು ನಿಮಿಷದ ಉರಿ. ಕತ್ತರಿ ಇಲ್ಲ, ರಾಸಾಯನಿಕ ಇಲ್ಲ, ಬಿಸಿ ಮೇಣವೂ ಇಲ್ಲ. ಆದರೆ ಟೆಕ್ಸಸ್ ರಾಜ್ಯ ಈ ದಾರ ಹಿಡಿಯುವವರಿಗೆ 750 ಗಂಟೆಗಳ ಸೌಂದರ್ಯ ತರಬೇತಿ, ಪರೀಕ್ಷೆ, ಲೈಸೆನ್ಸ್ ಎಲ್ಲವೂ ಕಡ್ಡಾಯ ಎಂದಿತು. ತಮಾಷೆಯೆಂದರೆ, ಆ 750 ಗಂಟೆಗಳಲ್ಲಿ ಥ್ರೆಡಿಂಗ್, ಅಂದರೆ ದಾರದಿಂದ ಕೂದಲು ಕೀಳುವುದನ್ನು, ಕಲಿಸಲೇಬೇಕೆಂಬ ನಿಯಮವಿರಲಿಲ್ಲ! ಭಾರತೀಯ ಮೂಲದ ಹೆಸರುಗಳೂ ಇದ್ದ ಒಂದು ಗುಂಪು 2009ರಲ್ಲಿ ಕೋರ್ಟ್ ಮೆಟ್ಟಿಲೇರಿತು. 320 ಗಂಟೆಗಳಷ್ಟು ಪಾಠಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲವೆಂದು ಕೊನೆಗೆ ಸರ್ಕಾರವೇ ಒಪ್ಪಬೇಕಾಯಿತು. 2015ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಆ ನಿಯಮ ಥ್ರೆಡಿಂಗ್ ಮಾಡುವವರಿಗೆ ಅನ್ವಯಿಸದೆಂದು ರದ್ದು ಮಾಡಿತು.

ಜನರ ಬದುಕಿನಲ್ಲಿ ಸರ್ಕಾರ ಆದಷ್ಟು ಕಡಿಮೆ ತಲೆಹಾಕಬೇಕೆನ್ನುವ ಲಿಬರ್ಟೇರಿಯನ್ನರು ಸೀಮಿತ ಸರ್ಕಾರ ಎಂದಾಗ ಜನ ತೆರಿಗೆ, ಬಂದೂಕು, ಗಾಂಜಾ ಅಂತ ಯೋಚಿಸುತ್ತಾರೆ. ನನಗೆ ಮೊದಲು ನೆನಪಾಗುವುದು ಈ ದಾರ. 1950ರ ದಶಕದ ಆರಂಭದಲ್ಲಿ ಅಮೆರಿಕದ ದುಡಿಯುವವರಲ್ಲಿ ನೂರಕ್ಕೆ ಐವರಿಗೂ ರಾಜ್ಯದ ಲೈಸೆನ್ಸ್ ಬೇಕಿರಲಿಲ್ಲ. 2015ರ ಹೊತ್ತಿಗೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಲೈಸೆನ್ಸ್ ಬೇಕಿತ್ತು. ಹೀಗೆಂದದ್ದು ಯಾವ ಲಿಬರ್ಟೇರಿಯನ್ನನೂ ಅಲ್ಲ, ಆ ವರ್ಷ ಒಬಾಮಾ ಅವರ ಶ್ವೇತಭವನ.

ಇಷ್ಟು ಲೈಸೆನ್ಸ್ ಯಾರಿಗಾಗಿ? ಲೂಸಿಯಾನಾದ ಸೇಂಟ್ ಜೋಸೆಫ್ ಮಠದ ಸನ್ಯಾಸಿಗಳನ್ನು ಕೇಳಿ. 2005ರ ಕತ್ರಿನಾ ಚಂಡಮಾರುತಕ್ಕೆ ಅವರ ಮರದ ತೋಪು ನೆಲಕಚ್ಚಿತು. ಹೊಟ್ಟೆಪಾಡಿಗೆ ಸರಳವಾದ ಶವಪೆಟ್ಟಿಗೆ ಮಾಡಿ ಮಾರಲು ಹೊರಟರು. ಅಂತ್ಯಕ್ರಿಯೆ ಉದ್ಯಮದ ಲೈಸೆನ್ಸ್ ಇಲ್ಲದವರು ಪೆಟ್ಟಿಗೆ ಮಾರುವಂತಿಲ್ಲ ಎಂದು ರಾಜ್ಯ ಮಂಡಳಿ ತಡೆಯಿತು. ಬರೀ ಮರದ ಪೆಟ್ಟಿಗೆ ಅದು. ಅದರಿಂದ ಯಾವ ಗ್ರಾಹಕನ ಆರೋಗ್ಯ ಕೆಡಬೇಕು? ಒಂದು ಉದ್ಯಮದ ಲಾಭ ಕಾಯುವುದಷ್ಟೇ ಕಾನೂನಿನ ನ್ಯಾಯವಾದ ಗುರಿಯಾಗಲಾರದು ಎಂದು 2013ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸನ್ಯಾಸಿಗಳ ಪರ ತೀರ್ಪಿತ್ತಿತು. ನಾರ್ತ್ ಕ್ಯಾರೊಲೈನಾದಲ್ಲಿ ಹಲ್ಲು ಬಿಳುಪು ಮಾಡುವ ಅಂಗಡಿಗಳಿಗೆ 'ನಿಲ್ಲಿಸಿ' ಎಂದು ಪತ್ರ ಬರೆದ ಮಂಡಳಿಯ ಎಂಟು ಮಂದಿಯಲ್ಲಿ ಆರು ಜನ ದಂತವೈದ್ಯರೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ತಾನೆ?

ಒಳ್ಳೆಯ ಕೆಲಸಗಾರರನ್ನು ಗುರುತಿಸಲು ಸರ್ಟಿಫಿಕೇಟ್ ಇರಲಿ. ಬೇಕಾದವರು ಅದನ್ನು ನೋಡಿ ಹೋಗಲಿ, ಬೇಡದವರು ಬಿಡಲಿ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಈ ಮಾತು ಹೇಳಿದ್ದರು, ಅದೂ ವೈದ್ಯರನ್ನೂ ಸೇರಿಸಿ. ವೈದ್ಯರ ವಿಷಯದಲ್ಲಿ ನನಗೂ ಕೊಂಚ ಅಳುಕಿದೆ, ಮುಚ್ಚಿಡುವುದಿಲ್ಲ. ದಾರದ ವಿಷಯದಲ್ಲಿ ಎಳ್ಳಷ್ಟೂ ಇಲ್ಲ.

ವಿರೋಧ: ಆ ದಾರದ ಇನ್ನೊಂದು ತುದಿ ಎಲ್ಲಿತ್ತು?

ಮೇಲೆ ಬರೆದವರು ಪೌಡರು ನೋಡಿದರು, ದಾರ ನೋಡಿದರು. ಎಷ್ಟೋ ಪಾರ್ಲರುಗಳಲ್ಲಿ ದಾರದ ಒಂದು ತುದಿ ಕೆಲಸದವರ ಹಲ್ಲಿನ ನಡುವೆ ಇರುತ್ತದೆ ಎಂಬುದನ್ನು ಮಾತ್ರ ನೋಡಲಿಲ್ಲ. ಅದೇ ದಾರ ನಮ್ಮ ಕಣ್ಣಿನ ಮೇಲೆ ಚರ್ಮ ತರಚುತ್ತಾ ಓಡುತ್ತದೆ. ಹಾಗಾಗಿ ಶುಚಿತ್ವದ ಪಾಠ ಇಲ್ಲಿ ಹೊರೆಯಲ್ಲ, ಕೆಲಸದ ಭಾಗವೇ. ಟೆಕ್ಸಸ್ ಕೋರ್ಟ್ ಕೂಡ ಅದನ್ನು ಅಲ್ಲಗಳೆಯಲಿಲ್ಲ. ಅದು ತಪ್ಪು ಕಂಡದ್ದು ಹೊರೆ ಅತಿಯಾದದ್ದರಲ್ಲಿ. 320 ಗಂಟೆ ಹೆಚ್ಚಾಯಿತೆಂದರೆ 320 ತೆಗೆಯಿರಿ. ಹೇನು ಬಿತ್ತೆಂದು ತಲೆ ಬೋಳಿಸುವುದೇಕೆ?

ಕೆಟ್ಟ ಕೆಲಸ ಮಾಡಿದವನಿಗೆ ಗಿರಾಕಿ ಬರುವುದಿಲ್ಲ, ಮಾರುಕಟ್ಟೆಯೇ ಶಿಕ್ಷೆ ಕೊಡುತ್ತದೆ ಅನ್ನುತ್ತಾರೆ. ಕೊಡುತ್ತದೆ, ಆದರೆ ಯಾರೋ ಪೆಟ್ಟು ತಿಂದ ಮೇಲೆ. 1937ರಲ್ಲಿ ಅಮೆರಿಕದ ಒಂದು ಕಂಪನಿ ಸಲ್ಫನಿಲಮೈಡ್ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಸಿಹಿ ಮದ್ದಾಗಿ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ಮಾರುವ ಮೊದಲು ವಿಷವೋ ಅಲ್ಲವೋ ಪರೀಕ್ಷಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಸರ್ಕಾರಕ್ಕೆ ಸಿಕ್ಕಿದ ಹಿಡಿ ಏನು ಗೊತ್ತೆ? ಸೀಸೆಯ ಮೇಲೆ 'ಎಲಿಕ್ಸರ್' ಎಂದಿತ್ತು, ಎಲಿಕ್ಸರ್ ಎಂದರೆ ಒಳಗೆ ಆಲ್ಕೋಹಾಲ್ ಇರಬೇಕು, ಇರಲಿಲ್ಲ. ಅಂದರೆ ಚೀಟಿಯ ಮೇಲಿನ ಹೆಸರು ತಪ್ಪು! ಇಷ್ಟು ಸಾವಿಗೆ ಇಷ್ಟೇ ಅಪರಾಧ. ಮಾರುವ ಮುಂಚೆ ಸುರಕ್ಷತೆ ತೋರಿಸಬೇಕೆಂಬ ಕಾನೂನು ಬಂದದ್ದು ಮರುವರ್ಷ.

'ದುಡಿಯುವ ಸ್ವಾತಂತ್ರ್ಯ'ಕ್ಕೂ ಒಂದು ಹಳೆಯ ಕಥೆಯಿದೆ. ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ಕಾನೂನು ಮಾಡಿತ್ತು. 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಒಪ್ಪಂದದ ಸ್ವಾತಂತ್ರ್ಯಕ್ಕೆ ಭಂಗ ಎಂದು ಹೊಡೆದುಹಾಕಿತು. ಒಲೆಯ ಮುಂದೆ ಬೇಯುತ್ತಿದ್ದವರಿಗೆ ಆ ಸ್ವಾತಂತ್ರ್ಯದಿಂದ ಸಿಕ್ಕಿದ್ದು ಇನ್ನಷ್ಟು ಹಿಟ್ಟು ನಾದುವ ಭಾಗ್ಯ. ಯಾವ ನಿಯಮ ಹೆಚ್ಚು, ಯಾವುದು ಕಡಿಮೆ ಎಂದು ನ್ಯಾಯಾಧೀಶರು ತೂಗಲು ಕುಳಿತರೆ ಹೀಗಾಗುತ್ತದೆ. ಟೆಕ್ಸಸ್‌ನ ಮೂವರು ನ್ಯಾಯಾಧೀಶರು ಭಿನ್ನಮತ ತಾಳಿದ್ದು ಸುಮ್ಮನೆ ಅಲ್ಲ.

ಶವಪೆಟ್ಟಿಗೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಸನ್ಯಾಸಿಗಳು ಗೆದ್ದದ್ದು ಸರಿ. ಮಂಡಳಿಗಳಿಂದ ಆ ಕಸುಬಿನವರನ್ನು ಕಡಿಮೆ ಮಾಡಿ, ಗಿರಾಕಿಗಳನ್ನು ಕೂರಿಸಿ. 750 ಗಂಟೆಯನ್ನು ಐವತ್ತಕ್ಕೇ ಇಳಿಸಿ. ಆದರೆ ಮೊದಲ ಗಂಟೆಯಲ್ಲೇ, ದಾರ ಬಾಯಿಗೆ ಹಾಕಬೇಡಿ ಎಂದು ಹೇಳಿಕೊಡಿ.