ಸಿಂಕ್ ಇದೆಯಲ್ಲಮ್ಮ, ಇನ್ನೇನು ಬೇಕು!

ಭಾನುವಾರ ಒತ್ತು ಶಾವಿಗೆ ತಿನ್ನೋಕೆ ಅಂತ ಅಕ್ಕನ ಮನೆಗೆ ಹೋದವಳು, ಸಂಜೆವರೆಗೂ ಭಾವನ ಪಕ್ಕ ಕೂತು 'ಫರ್ಗಾಟ್ ಪಾಸ್‌ವರ್ಡ್' ಒತ್ತಿ ಬಂದೆ. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಗಿದ್ದಿಷ್ಟು. ಭಾವ ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಕಿತ್ತು. ಬಹಳ ಶಿಸ್ತಿನ ಮನುಷ್ಯ. ಬೇರೆಯವರ ಕೈಗೆ ನಮ್ಮ ಪಾಸ್‌ವರ್ಡ್ ಸಿಗಬಾರದು ಅಂತ ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿಡುವ ಆ್ಯಪ್ ಇದೆಯಲ್ಲ, ಪಾಸ್‌ವರ್ಡ್ ಮ್ಯಾನೇಜರ್, ಅದನ್ನು ತೆರೆದು, ಅದರಲ್ಲಿದ್ದ 300ಕ್ಕೂ ಜಾಸ್ತಿ ಎಂಟ್ರಿಗಳನ್ನು ಸೆಲೆಕ್ಟ್ ಮಾಡಿ ಅಳಿಸಿದರು. ಟ್ರ್ಯಾಶ್‌ನಲ್ಲಿ ಉಳಿದೀತು ಅಂತ ಅದನ್ನೂ ಗುಡಿಸಿ ಹಾಕಿದರು. ಸುಮ್ನೆ ಲಾಗ್ ಔಟ್ ಮಾಡಿದ್ದರೆ ಸಾಕಿತ್ತು! ಹೊಸ ಫೋನ್ ತೆರೆದರೆ ಖಾಲಿ. ಲ್ಯಾಪ್‌ಟಾಪ್ ಖಾಲಿ. ಅಕ್ಕನ ಟ್ಯಾಬ್ ಕೂಡ ಖಾಲಿ. ಒಂದು ಕಡೆ ಮಾಡಿದ ಬದಲಾವಣೆಯನ್ನು ಎಲ್ಲ ಕಡೆಗೂ ತಾನೇ ಒಯ್ಯುವ ಸಿಂಕ್, ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿತ್ತು.

ಹೋದ ಯುಗಾದಿಗೆ ಇದೇ ಸೋಫಾದಲ್ಲಿ ಕೂತು ಕೇಳಿದ್ದೆ, "ಭಾವ, ಬ್ಯಾಕಪ್ ಇಟ್ಕೊಂಡಿದ್ದೀರಾ?" ಅಂತ. "ಸಿಂಕ್ ಇದೆಯಲ್ಲಮ್ಮ, ಮೂರು ಕಡೆ ಇದೆ, ಇನ್ನೇನು ಬೇಕು" ಅಂದಿದ್ದರು. ಇಪ್ಪತ್ತು ವರ್ಷ ಐಟಿಯಲ್ಲಿರುವ ಮನುಷ್ಯ. ನಾನೋ ಡಿಟಿಪಿಯವಳು. ಕರೆಂಟ್ ಹೋಗುವ ಮುಂಚೆ ಎರಡು ಫ್ಲಾಪಿಗೆ ಕಾಪಿ ಹಾಕಿಟ್ಟುಕೊಳ್ಳುತ್ತಿದ್ದ ಕಾಲದವಳ ಮಾತು ಯಾರು ಕೇಳಬೇಕು?

ಮೂರು ಕಡೆ ಇಲ್ಲ ಸ್ವಾಮಿ. ಇರುವುದು ಒಂದೇ ಅಂಗಳ. ಅದನ್ನೇ ಮೂರು ಕಿಟಕಿಯಿಂದ ನೋಡುತ್ತಿದ್ದೀರಿ.

ಇದು ನಮ್ಮಜ್ಜಿಗೆ ಗೊತ್ತಿತ್ತು. ಮಾವಿನ ಮಿಡಿ ಹಾಕಿದ ವರ್ಷ ಎರಡು ಭರಣಿ ಆಗುತ್ತಿತ್ತು. ಒಂದು ದಿನಬಳಕೆಗೆ. ಇನ್ನೊಂದು ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಅಟ್ಟದ ಮೇಲೆ. ನಮ್ಮಲ್ಲೇ ಯಾರೋ ಒದ್ದೆ ಸೌಟು ಹಾಕಿ ಕೆಳಗಿನ ಭರಣಿಗೆ ಬೂಷ್ಟು ಹಿಡಿಸಿದಾಗ ಅಜ್ಜಿ ಸರಿಯಾಗಿ ಬೈದರು, ಆದರೆ ಕಂಗಾಲಾಗಲಿಲ್ಲ. ಅಟ್ಟದ್ದು ಇತ್ತಲ್ಲ. ಸಿಂಕ್ ಅಂದರೆ ಕೆಳಗಿನ ಭರಣಿಗೆ ಬಂದ ಬೂಷ್ಟು ಆ ಕ್ಷಣವೇ ಅಟ್ಟದ ಭರಣಿಗೂ ಹತ್ತುವ ಏರ್ಪಾಡು. ಇದನ್ನು ಬ್ಯಾಕಪ್ ಅಂತ ಕರೆಯೋದು ಯಾವ ನ್ಯಾಯ?

'ದೊಡ್ಡ ಕಂಪನಿ, ಅವರು ನೋಡ್ಕೋತಾರೆ' ಅನ್ನುವವರೂ ಇದ್ದಾರೆ. 2024ರ ಜುಲೈನಲ್ಲಿ ವಿಂಡೋಸ್‌ನಲ್ಲಿ ಕ್ರೋಮ್ ಬಳಸುವ ಲಕ್ಷಾಂತರ ಜನರಿಗೆ ಸುಮಾರು 18 ಗಂಟೆ ತಮ್ಮದೇ ಪಾಸ್‌ವರ್ಡ್‌ಗಳು ಕಾಣಿಸಲಿಲ್ಲ. ಗೂಗಲ್ ಸರಿಪಡಿಸಿತು, ನಿಜ. ಮೈಕ್ರೋಸಾಫ್ಟ್ 2025ರ ಆಗಸ್ಟ್ ಹೊತ್ತಿಗೆ ತನ್ನ ಆಥೆಂಟಿಕೇಟರ್ ಆ್ಯಪ್‌ನಿಂದ ಪಾಸ್‌ವರ್ಡ್ ಇಡುವ ಸೌಲಭ್ಯವನ್ನೇ ಎತ್ತಿಬಿಟ್ಟಿತು. ತನ್ನ ಬ್ರೌಸರ್ ಎಡ್ಜ್‌ಗೆ ಬನ್ನಿ ಅಂದಿತು. ತಪ್ಪು ಅನ್ನುತ್ತಿಲ್ಲ. ಅವರ ಮನೆ, ಅವರಿಷ್ಟ. ಬಾಡಿಗೆಗಿರುವವರು ನಾವು.

ಭಾವನ ಮಗ ಒಂದು ಪ್ರಶ್ನೆ ಎಸೆದ. "ಚಿಕ್ಕಮ್ಮ, ಇನ್ನೊಂದು ಕಾಪಿ ಮಾಡಿದ್ರೆ ಕಳ್ಳನಿಗೆ ಇನ್ನೊಂದು ಬಾಗಿಲು ತೆಗೆದ ಹಾಗೆ ಅಲ್ವಾ? 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯಿಂದ ಕದ್ದಿದ್ದು ಗ್ರಾಹಕರ ವಾಲ್ಟ್‌ಗಳ, ಅಂದ್ರೆ ಪಾಸ್‌ವರ್ಡ್ ಪೆಟ್ಟಿಗೆಗಳ, ಬ್ಯಾಕಪ್ಪೇ." ಜಾಣ ಹುಡುಗ. ಹೇಳಿದ್ದೂ ನಿಜ. ಆದರೆ ಅದು ಕಂಪನಿಯವರು ಕ್ಲೌಡ್‌ನಲ್ಲಿಟ್ಟ ಬ್ಯಾಕಪ್ ಕಣೋ. ನಿಮ್ಮಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗಿರುವ ಪೆನ್‌ಡ್ರೈವ್ ಕದಿಯೋಕೆ ಯಾವ ಹ್ಯಾಕರ್ ಬರ್ತಾನೆ? ಬಂದರೂ ಮೊದಲು ಸೀರೆ ಹೊತ್ಕೊಂಡು ಹೋಗ್ತಾನೆ.

ಇನ್ನು 'ಒಟಿಪಿ ಬರತ್ತೆ, ರೀಸೆಟ್ ಮಾಡ್ಕೊಂಡ್ರಾಯ್ತು' ಅನ್ನುವವರು. ಮಾಡಿಕೊಂಡೆವಲ್ಲ, ಭಾನುವಾರ ಪೂರ್ತಿ! ರೀಸೆಟ್ ಲಿಂಕ್ ಹೋಗುವುದು ಮೇಲ್‌ಗೆ. ಮೇಲ್‌ನ ಪಾಸ್‌ವರ್ಡ್ ಇದ್ದದ್ದು ಅದೇ ಖಾಲಿ ಡಬ್ಬಿಯಲ್ಲಿ. ಪುಣ್ಯಕ್ಕೆ ಲ್ಯಾಪ್‌ಟಾಪ್‌ನಲ್ಲಿ ಮೇಲ್ ತೆರೆದೇ ಇತ್ತು, ಬಚಾವಾದೆವು. ಒಂದು ಖಾತೆಗೆ ಹಳೇ ಮೊಬೈಲ್ ನಂಬರ್ ಕೊಟ್ಟಿದ್ದರು. ಆ ಸಿಮ್ ಸತ್ತು ಮೂರು ವರ್ಷ. ಪಾಸ್‌ವರ್ಡ್ ಜೊತೆ ಎರಡನೇ ಪುರಾವೆ ಕೇಳುವ ಟೂ-ಫ್ಯಾಕ್ಟರ್‌ಗೆ, ಆ ಪುರಾವೆ ಕೈಗೆ ಸಿಗದಾಗ ಬಳಸುವ ರಿಕವರಿ ಕೋಡ್‌ಗಳೂ ಅದೇ ಡಬ್ಬಿಯ ನೋಟ್ಸ್‌ನಲ್ಲಿದ್ದವು. ಅವಕ್ಕೆ ಯಾವ ಒಟಿಪಿ?

ಇಷ್ಟೆಲ್ಲ ಬೈಯುವ ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ 'ಬ್ಯಾಕಪ್ ತೆಗೆದೆ' ಅಂತ ಇಲ್ಲೇ ಜಂಬ ಕೊಚ್ಚಿದ್ದೆ, ನೆನಪಿದೆಯಾ? ತೆಗೆದದ್ದು ಸಿಎಸ್‌ವಿ ಫೈಲು. ಅಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಲ್ಲ ಪಾಸ್‌ವರ್ಡೂ ಸಾಲಾಗಿ, ಯಾರು ಬೇಕಾದರೂ ಓದುವ ಹಾಗೆ. ಅದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಎಂಟು ತಿಂಗಳು ಬಿದ್ದಿತ್ತು. ಆ ಫೋಲ್ಡರ್ ಎಲ್ಲಿಗೆ ಸಿಂಕ್ ಆಗುತ್ತಿತ್ತು, ಹೇಳಿ ನೋಡೋಣ. ಹೂಂ, ಕ್ಲೌಡ್‌ಗೇ. ಗೊತ್ತಾದ ರಾತ್ರಿ ಬ್ಯಾಂಕಿನದ್ದೆಲ್ಲ ಬದಲಿಸಿ ಮಲಗುವಾಗ ಮೂರು ಗಂಟೆ. ಯಾರಿಗೂ ಹೇಳಿರಲಿಲ್ಲ.

ಅದಾದ ಮೇಲೆ ಬುದ್ಧಿ ಬಂತು. ಬಿಟ್‌ವಾರ್ಡನ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಎನ್‌ಕ್ರಿಪ್ಟ್ ಆದ, ಅಂದರೆ ಬೇರೆಯವರು ಓದಲಾಗದ ಹಾಗೆ ಬೀಗ ಹಾಕಿದ, ಎಕ್ಸ್‌ಪೋರ್ಟ್ ಫೈಲು ಎರಡು ಥರ ಇದೆ. 'ಅಕೌಂಟ್ ರಿಸ್ಟ್ರಿಕ್ಟೆಡ್' ಫೈಲು ಅದೇ ಖಾತೆಗೆ ಮಾತ್ರ ವಾಪಸ್ ಹೋಗುತ್ತದೆ. ಖಾತೆಯೇ ಹೋದರೆ ಫೈಲು ಇಟ್ಟುಕೊಂಡು ಪೂಜೆ ಮಾಡಬೇಕು. ನಾವೇ ಕೊಟ್ಟ ಪಾಸ್‌ವರ್ಡ್‌ನಿಂದ ತೆರೆಯುವ 'ಪಾಸ್‌ವರ್ಡ್ ಪ್ರೊಟೆಕ್ಟೆಡ್' ತಗೊಳ್ಳಿ. ಹೀಗೆ ಸಿಗುವ ಜೆಸನ್ ಫೈಲಿನಲ್ಲಿ ಎಂಟ್ರಿಗೆ ಅಂಟಿಸಿಟ್ಟ ಅಟ್ಯಾಚ್‌ಮೆಂಟ್ ಬರೋದಿಲ್ಲ, ಅದನ್ನು ಬೇರೆ ಇಳಿಸಿಕೊಳ್ಳಬೇಕು. ಕೀಪಾಸ್ ಅನ್ನುವ ಇನ್ನೊಂದು ಮ್ಯಾನೇಜರ್ ಬಳಸುವವರಿಗೆ ಸುಲಭ, ಇರುವುದೇ ಒಂದು ಕೆಡಿಬಿಎಕ್ಸ್ ಫೈಲು, ನಕಲು ಮಾಡಿದರಾಯಿತು. ಬ್ಯಾಕಪ್ ಫೈಲಿನ ಪಾಸ್‌ವರ್ಡನ್ನು ಅದೇ ವಾಲ್ಟ್‌ನೊಳಗೆ ಬರೆದಿಟ್ಟು ನಿಶ್ಚಿಂತೆಯಾಗಬೇಡಿ, ಬೀಗದ ಕೈ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ನನ್ನದು ಕಾಗದದಲ್ಲಿ ಬರೆದು ಎಲ್‌ಐಸಿ ಬಾಂಡ್ ಇರುವ ಕವರಿನಲ್ಲಿದೆ. ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧಪೂಜೆ, ಹಬ್ಬಕ್ಕೊಂದು ಬ್ಯಾಕಪ್. ತೆಗೆದ ಮೇಲೆ ಒಮ್ಮೆ ತೆರೆದೂ ನೋಡುತ್ತೇನೆ. ಆಯುಧಪೂಜೆಗೆ ಪೆನ್‌ಡ್ರೈವ್‌ಗೂ ಕುಂಕುಮ ಇಡುತ್ತೇನೆ. ನಗಬೇಡಿ, ನೀವು ಸ್ಕೂಟರ್‌ಗೆ ಇಡ್ತೀರಲ್ವಾ?

ನಿನ್ನೆ ರಾತ್ರಿ ಭಾವನ ಮೆಸೇಜ್ ಬಂತು. "ಪೆನ್‌ಡ್ರೈವ್ ಆರ್ಡರ್ ಮಾಡಿದೆ ಕಣಮ್ಮ. 256 ಜಿಬಿ. ಸಾಕಾಗತ್ತಾ?"

ನನ್ನ ಬ್ಯಾಕಪ್ ಫೈಲಿನ ಗಾತ್ರ ನೋಡಿದೆ. 340 ಕೆಬಿ.

"ಸಾಕು ಭಾವ" ಅಂತ ಕಳಿಸಿದೆ.